ಕೈಮರದ ವೃತ್ತದಲ್ಲಿ ಒಕ್ಕಣೆ

ಬೇವಿನಹಳ್ಳಿ ಕೈಮರದ ವೃತ್ತ ಉಸಿರಾಡುತ್ತಿತ್ತು. ವಾಹನ ಕಡಿಮೆಯಿದ್ದಾಗ ಅದರ ರಬ್ಬರಿನ ಅಂಚು ಎಂಟು ಮೀಟರಿಗೆ ಕುಗ್ಗುವುದು. ಯಾರೂ ಸುಮ್ಮನೆ ದೂರ ಸುತ್ತಬೇಕಿಲ್ಲ. ದಟ್ಟಣೆಯಾದರೆ ಇಪ್ಪತ್ತಕ್ಕೆ ಹಿಗ್ಗುವುದು. ಒಳಸೇರಲು ಎಲ್ಲರಿಗೂ ಸಂದು ಸಿಗುತ್ತದೆ. ಅಳತೆ ತೀರ್ಮಾನಿಸುವುದು ನಡುಗಂಬದ ಮೇಲಿನ ಕ್ಯಾಮೆರಾ ಕಣ್ಣು. ಸರಾಸರಿ ಕಾಯುವಿಕೆ ನಾಲ್ಕೇ ಸೆಕೆಂಡು.

2061ರ ಆ ಬೆಳಿಗ್ಗೆ ಮಾತ್ರ ಕಾಯುವಿಕೆ ತೋರಿಸುವ ಫಲಕದಲ್ಲಿ ಇಪ್ಪತ್ತೆರಡು ಸೆಕೆಂಡು ಎಂದಿತ್ತು. ಹನ್ನೊಂದು ಗಂಟೆಗೆ ಅಧಿಕಾರಿ ತಪಾಸಣೆಗೆ ಬರುವವರಿದ್ದರು. ಕಾಯುವಿಕೆ ಹತ್ತು ಸೆಕೆಂಡು ದಾಟಿದರೆ ವೃತ್ತ ಕಿತ್ತು ಹಳೆಯ ಸಿಗ್ನಲ್ ದೀಪವನ್ನೇ ಹಾಕುವುದೆಂದು ಮೊದಲೇ ತೀರ್ಮಾನವಾಗಿತ್ತು. ವೃತ್ತವನ್ನು ರೂಪಿಸಿದ ಇಂಚರಾ ಓಡಿಬಂದಳು.

ಇದ್ದದ್ದು ಹತ್ತು ಹನ್ನೆರಡು ವಾಹನ. ಆದರೂ ವೃತ್ತ ಪೂರ್ತಿ ಹಿಗ್ಗಿತ್ತು. ಸುತ್ತಲಿನ ದಾರಿಗೆ ಹುರುಳಿ ಗಿಡ ಹರವಿ, ಪಕ್ಕದ ಹೊಲದ ಪುಟ್ಟೀರಮ್ಮ ಕವೆಗೋಲು ಹಿಡಿದು ನಿಂತಿದ್ದಳು.

"ಏನಜ್ಜಿ ಇದು?"

"ಕಾಣಕಿಲ್ವೇನವ್ವ? ಒಕ್ಕಣೆ."

"ಇದು ಕಣ ಅಲ್ಲ!"

"ನಡುವೆ ಮೇಟಿಕಂಬ ನೆಟ್ಟಿದೀಯ, ಎಲ್ರನ್ನೂ ಸುತ್ತಿಸ್ತೀಯ. ಕಣ ಅಲ್ದೆ ಮತ್ತೇನು, ತುಳಸಿಕಟ್ಟೆಯಾ?"

"ದಮ್ಮಯ್ಯ ತೆಗೀರಿ. ನನ್ನ ಆರು ವರ್ಷದ ಕೆಲಸ ಹೋಗುತ್ತೆ."

"ಮೋಡ ನೋಡು. ತೆಗುದ್ರೆ ನಂದೂ ಒಂದು ವರ್ಷದ್ದು ಹೋಯ್ತದೆ." ಮುದುಕಿ ಗಿಡ ತಿರುವಿಹಾಕಿದಳು. "ಅದಿರ್ಲಿ, ಎರಡೆತ್ತಿಗೆ ಹಗ್ಗ ಇಷ್ಟುದ್ದ ಯಾಕ್ ಬಿಟ್ಟಿದೀಯ? ಎತ್ತು ಎಷ್ಟವೆ ಅಂತ ಎಣಿಸಕಿಲ್ವಾ ನಿನ್ ಮೇಟಿ?"

ಇಂಚರಾ ಗಕ್ಕನೆ ನಿಂತಳು. ಕಂಬದ ಕಣ್ಣು ಎಣಿಸುತ್ತಿರಲಿಲ್ಲ. ಅದು ನೋಡುತ್ತಿದ್ದುದು ವೇಗವನ್ನಷ್ಟೇ. ಮೆಲ್ಲಗಾದರೆ ದಟ್ಟಣೆಯೆಂದು ತಿಳಿದು ಹಿಗ್ಗುತ್ತಿತ್ತು. ಹುರುಳಿಯ ಮೇಲೆ ಹುಷಾರಾಗಿ ಹೋಗುವವರು ಆ ದೊಡ್ಡ ಸುತ್ತು ಮುಗಿಸುವವರೆಗೆ ಹಿಂದಿನವರು ಕಾಯಬೇಕಾಗಿತ್ತು. ಅವಳು ಬದುವಿನ ಮೇಲೆ ಕೂತು, ಮೊದಲು ವಾಹನ ಎಣಿಸುವಂತೆ ಕಂಬದ ಲೆಕ್ಕವನ್ನು ಫೋನಿನಿಂದಲೇ ತಿದ್ದಿದಳು. ವೃತ್ತ ಕುಗ್ಗಿತು. "ಹುರುಳಿ ಹೊರಗೇ ಉಳೀತಲ್ಲೇ!" ಎಂದು ಪುಟ್ಟೀರಮ್ಮ ಬೈಯತೊಡಗಿದಾಗ ಇಂಚರಾಳೂ ಸೆರಗು ಸಿಕ್ಕಿಸಿ ಗಿಡವನ್ನು ಒಳಕ್ಕೆ ಎಳೆದಳು. ಫಲಕ ಆರಕ್ಕೆ ಇಳಿಯಿತು.

ಅಧಿಕಾರಿಯ ಕಾರು ಹುರುಳಿಯ ಮೇಲೆ ಚರಚರ ಸದ್ದು ಮಾಡುತ್ತ ಬಂತು. "ಏನ್ರೀ ಇದೆಲ್ಲ?"

ಇಂಚರಾ ಬಾಯಿ ತೆರೆಯುವ ಮೊದಲೇ ಪುಟ್ಟೀರಮ್ಮ ಕೂಗಿದಳು: "ಸ್ವಾಮಿ, ಇನ್ನೊಂದ್ ಸುತ್ತು ಹಾಕಿ. ಆ ಮಗ್ಗುಲು ಕಾಯಿ ಒಡದಿಲ್ಲ!"

ಅವರು ಫಲಕ ನೋಡಿದರು, ಮುದುಕಿಯನ್ನು ನೋಡಿದರು, ನಕ್ಕರು. ಮೂರು ಸುತ್ತು ಹಾಕಿಯೇ ಹೋದರು. ವೃತ್ತ ಉಳಿಯಿತು.

ನಿಧಾನವೆಂದರೆ ತೊಂದರೆ ಎಂಬ ಪಾಠ ಕಂಬಕ್ಕೆ ಎಲ್ಲಿಂದ ಬಂತೆಂದು ಇಂಚರಾ ಆಮೇಲೆ ಹುಡುಕಿದಳು. ಅದಕ್ಕೆ ಕಲಿಸಲು ಬಳಸಿದ್ದು ಮೂವತ್ತೈದು ವರ್ಷ ಹಿಂದಿನ ರಸ್ತೆಗಳ ವಿಡಿಯೊಗಳನ್ನು. ಅವುಗಳಲ್ಲಿ ಬೇಕೆಂದೇ ಮೆಲ್ಲಗೆ ಹೋದವರು ಒಬ್ಬರೂ ಇರಲಿಲ್ಲ. ಮುಂದಿನವನು ಚೂರು ನಿಧಾನಿಸಿದರೆ ಸಾಕು, ಹಿಂದಿದ್ದವರೆಲ್ಲ ಹಾರನ್ ಒತ್ತುತ್ತಿದ್ದರು.