ಗುರುವಾರ ಬಾರದವರು

ತಮ್ಮನಿಗೆ ಐದು ನಿಮಿಷ ಬೈದ ಮೇಲೆ ಅಕ್ಕನಿಗೆ ಅವನು ಸತ್ತಿರುವುದು ಗೊತ್ತಾಯಿತು.

ಮಧ್ಯಾಹ್ನ ಎರಡು ಗಂಟೆ. ಊಟದ ಡಬ್ಬಿ ಹಿಡಿದು ಅವನ ವಾಚ್ ರಿಪೇರಿ ಅಂಗಡಿಗೆ ಬಂದಿದ್ದಳು. ಅವನು ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದ. ಗಿರಾಕಿ ಬರೋ ಹೊತ್ತಲ್ಲಿ ಎಂಥ ನಿದ್ದೆ ಎಂದು ಶುರು ಮಾಡಿದವಳು ಭುಜ ಅಲುಗಾಡಿಸಿದಾಗ ನಿಲ್ಲಿಸಿದಳು. ಪಕ್ಕದಲ್ಲಿ ಖಾಲಿ ಲೋಟ, ಬಿಚ್ಚಿದ ಕಾಗದದ ಪೊಟ್ಟಣ, ಚಿಟಿಕೆ ಬಿಳಿ ಪುಡಿ.

ಇನ್ಸ್‌ಪೆಕ್ಟರ್ ಮೇಡಂ ಬಂದಾಗ ಅವಳು ಅಳುತ್ತಿರಲಿಲ್ಲ.

“ಎಂಟು ತಿಂಗಳಿಂದ ಅಮಲಿನ ಮಾತ್ರೆ ಮುಟ್ಟಿಲ್ಲ ಅಂತಿದ್ದ. ಆದ್ರೆ ಎರಡು ತಿಂಗಳಿಂದ ಚಟ ಬಿಡಿಸೋ ಕೇಂದ್ರದ ಗುರುವಾರದ ಮೀಟಿಂಗಿಗೆ ಚಕ್ಕರ್. ಎಲ್ಲಿಗೆ ಹೋಗ್ತೀಯ ಅಂದ್ರೆ ನಗ್ತಿದ್ದ. ನಾಯಿ ಬಾಲ ಡೊಂಕೇ ಮೇಡಂ. ಹೆಣ ನೀವೇ ಏನಾದ್ರೂ ಮಾಡಿ. ನಾನು ತಗೊಳ್ಳಲ್ಲ.”

ಬಾಯಲ್ಲಿ ಹೇಳಿಬಿಟ್ಟಳು. ಲೋಕದಲ್ಲಿ ಅವಳಿಗಿದ್ದವನು ಅವನೊಬ್ಬನೇ.

* * *

ಮೊದಲ ಅನುಮಾನ ‘ಗುಳಿಗೆ’ ಎಂಬ ಅಡ್ಡಹೆಸರಿನವನ ಮೇಲೆ. ಬೀದಿಯಲ್ಲಿ ಅಮಲಿನ ಮಾತ್ರೆ ಮಾರುವವನು, ಸತ್ತವನಿಗೆ ಹಳೇ ಪರಿಚಯ. ಆದರೆ ಆಸಾಮಿ ಹತ್ತು ದಿನದಿಂದ ಜೈಲಲ್ಲೇ ಇದ್ದ. ಪೊಟ್ಟಣದ ಫೋಟೋ ನೋಡಿ ಮೂಗು ಮುರಿದ.

“ಪುಡಿ ಯಾರು ತಗೋತಾರೆ ಮೇಡಂ? ನಮ್ಮ ಗಿರಾಕಿಗೆ ಮಾತ್ರೆ ಮೇಲಿನ ಅಚ್ಚು ಕಾಣಬೇಕು. ಪುಡಿ ಕೊಟ್ರೆ ಸುಣ್ಣ ಅಂತ ಮುಖಕ್ಕೆ ಎಸೀತಾರೆ.”

ಕಳ್ಳನಾದರೂ ಕಸುಬು ಬಲ್ಲವನು. ಮೇಡಂ ಆ ಮಾತನ್ನು ಬರೆದುಕೊಂಡರು.

* * *

ಚಟ ಬಿಡಿಸುವ ಕೇಂದ್ರ ಊರಾಚೆ ಇತ್ತು. ಉದ್ದನೆಯ ವಾರ್ಡು, ಒಂದೇ ಬಣ್ಣದ ಹೊದಿಕೆಗಳು, ಭೇಟಿಯ ಹೊತ್ತಿನಲ್ಲೂ ಖಾಲಿ ಕುರ್ಚಿಗಳು.

“ಚಟ ಯಾಕೆ ಹತ್ತುತ್ತೆ ಡಾಕ್ಟ್ರೇ?” ಎಂದು ಮೇಡಂ ಅಲ್ಲಿನ ಡಾಕ್ಟರನ್ನು ಕೇಳಿದರು.

“ಸುಖಕ್ಕೆ ಅಂತಾರೆ ಕೆಲವರು. ಒಳಗಿನ ನೋವಿಗೆ ತಾವೇ ಹುಡುಕಿಕೊಂಡ ಮದ್ದು ಅಂತಾರೆ ಇನ್ನು ಕೆಲವರು. ಬರೀ ರೂಢಿ, ಹಳೇ ಜಾಗ ಹಳೇ ಗೆಳೆಯರನ್ನ ಕಂಡರೆ ಮನಸ್ಸು ಎಳೀತದೆ ಅನ್ನೋರೂ ಇದ್ದಾರೆ. ನಾನು ಎರಡನೇ ಪಂಗಡ. ಒಂಟಿತನ ದೊಡ್ಡ ನೋವು. ಅದಕ್ಕೇ ಗುರುವಾರದ ಮೀಟಿಂಗು. ಬರೋದು ಬಿಟ್ಟವರು ಜಾರ್ತಾರೆ. ಈ ವರ್ಷ ಮೂರು ಜನ: ಡ್ರೈವರ್, ಕ್ಷೌರಿಕ, ಈಗ ಇವನು.”

“ಇಲ್ಲಿ ಮಾತ್ರೆ ಹೇಗೆ ಕೊಡ್ತೀರಿ?”

“ಪುಡಿ ಮಾಡಿ. ಇಡೀ ಮಾತ್ರೆಯಾದ್ರೆ ನಾಲಿಗೆ ಕೆಳಗೆ ಬಚ್ಚಿಟ್ಟು ಮಾರ್ಕೋತಾರೆ. ಚಟ ಬಿಡಿಸೋ ಮದ್ದೂ ಅದೇ ಜಾತಿಯ ಅಮಲು ನೋಡಿ. ಮೊದಲ ವಾರ ಜಾಸ್ತಿ, ಆಮೇಲೆ ಇಳಿಸ್ತಾ ಬರ್ತೀವಿ. ಪೊಟ್ಟಣ ಕಟ್ಟೋದು ನಮ್ಮ ಕಾಂಪೌಂಡರ್.”

ಕಾಂಪೌಂಡರ್‌ನನ್ನು ಎಲ್ಲರೂ ಮಾಮ ಎನ್ನುತ್ತಿದ್ದರು. ಬಿಳಿ ಮೀಸೆ, ಮೆತ್ತಗಿನ ಮಾತು. ಮೀಟಿಂಗು ನಡೆಸುವವನೂ ಅವನೇ. ಬಾರದವರ ಮನೆಗೆ ಹೋಗಿ ವಿಚಾರಿಸುವವನೂ ಅವನೇ. ಹೊರಡುವ ಮೊದಲೇ ಭೇಟಿ ಪುಸ್ತಕದಲ್ಲಿ ಬರೆಯಬೇಕೆಂಬುದು ಅಲ್ಲಿನ ನಿಯಮ. ಮೇಡಂ ಆ ಪುಸ್ತಕವನ್ನೂ ಹಾಜರಿ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದು ಗಂಟೆ ಕೂತರು. ಆಮೇಲೆ ವಾರ್ಡಿಗೆ ವಾಪಸಾಗಿದ್ದ ಕ್ಷೌರಿಕನ ಹಾಸಿಗೆಯ ಬಳಿ ಹೋದರು.

“ಮೀಟಿಂಗ್ ಬಿಟ್ಟಾಗ ಹೇಗಿದ್ದಿ?”

“ಚೆನ್ನಾಗಿದ್ದೆ ಮೇಡಂ. ಅಂಗಡಿ ತುಂಬ ಜನ. ಪುರುಸೊತ್ತೇ ಇರಲಿಲ್ಲ. ಮಾಮ ನೋಡೋಕೆ ಬಂದ್ರು, ಸೊರಗಿದೀಯ ಅಂತ ವಿಟಮಿನ್ ಪುಡಿ ಕೊಟ್ರು. ನಾಲ್ಕು ದಿನಕ್ಕೆ ಮೈ ಮತ್ತೆ ಬೇಡೋಕೆ ಶುರುವಾಯ್ತು. ನನ್ನ ಹಣೆಬರಹ ಅಂದ್ಕೊಂಡೆ.”

* * *

“ಡಾಕ್ಟ್ರೇ, ನಿಮ್ಮ ಲೆಕ್ಕ ತಲೆಕೆಳಗಾಗಿದೆ,” ಎಂದರು ಮೇಡಂ. ಮಾಮ ಎದುರಿಗೇ ಕೂತಿದ್ದ. “ಅವರು ಬರೋದು ಬಿಟ್ಟಿದ್ದರಿಂದ ಜಾರಲಿಲ್ಲ. ಗುಣವಾದ್ರು, ಅದಕ್ಕೇ ಬಿಟ್ರು. ಒಂದೆರಡು ತಿಂಗಳು ಆರಾಮಾಗಿದ್ರು. ಜಾರಿದ್ದು ಮಾಮ ಹೋಗಿಬಂದ ಮೇಲೆ, ಮೂರು ಸಲಾನೂ. ಅವನು ಸತ್ತ ದಿನ ಬೆಳಿಗ್ಗೆ ಹತ್ತಕ್ಕೆ ವಾಚ್ ಅಂಗಡಿಗೆ ಹೊರಟಿದ್ದು ಇವರ ಕೈಬರಹದಲ್ಲೇ ಇದೆ. ಪುಡಿ ನಿಮ್ಮ ಮದ್ದೇ ಅಂತ ಲ್ಯಾಬ್ ವರದಿ ಬಂತು.”

ಮಾಮ ಅಲ್ಲಗಳೆಯಲಿಲ್ಲ.

“ಹದಿನೇಳು ವರ್ಷ ಇವರ ವಾಂತಿ ಬಳಿದೆ. ನಡುಗೋವಾಗ ಕೈ ಹಿಡ್ಕೊಂಡು ಮಾಮ ಮಾಮ ಅಂತಾರೆ. ಗುಣವಾದ್ರೆ ರಸ್ತೇಲಿ ಕಂಡರೂ ಆ ಕಡೆ ದಾಟ್ತಾರೆ. ಮನೇಲಿ ಮಾತಾಡೋಕೆ ಗೋಡೆ ಬಿಟ್ರೆ ನನಗೆ ಯಾರಿದ್ದಾರೆ? ಸಾಯಿಸೋಕಲ್ಲಮ್ಮ. ವಾಪಸ್ ಬರಲಿ ಅಂತ ಅಷ್ಟೇ.”

“ಮೊದಲಿನಿಬ್ಬರಿಗೆ ಚೂರುಚೂರೇ ಕೊಟ್ಟಿರಿ. ಇವನಿಗೆ?”

“ಕೈ ರೂಢಿ. ಮೊದಲ ವಾರದ ಅಳತೇನೇ ಕಟ್ಟಿಬಿಟ್ಟೆ.”

ಎಂಟು ತಿಂಗಳು ಬಿಟ್ಟಿದ್ದ ಮೈ ಅದನ್ನು ತಡೆಯಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಜಗತ್ತಿನ ನೋವನ್ನೆಲ್ಲ ಓದಿದ್ದ ಮನುಷ್ಯನಿಗೆ ಪಕ್ಕದ ಕೋಣೆಯ ನೋವು ಕಂಡಿರಲಿಲ್ಲ.

* * *

ಅಕ್ಕ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ. ಮೇಡಂ ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದರು.

“ನಿಮ್ಮ ತಮ್ಮ ಮತ್ತೆ ಚಟಕ್ಕೆ ಬಿದ್ದಿರಲಿಲ್ಲ. ತಾನು ನಂಬಿದವರು ಕೊಟ್ಟ ವಿಟಮಿನ್ ಅಂತ ಕುಡಿದ, ಅಷ್ಟೇ.”

“ಮತ್ತೆ ಗುರುವಾರ?”

“ಅಂಗಡಿ ಎದುರಿನ ಪುಸ್ತಕ ಬೈಂಡರ್ ಹತ್ರ ಚದುರಂಗ ಕಲೀತಿದ್ದನಂತೆ. ಗೆಳೆಯ ಸಿಕ್ಕಿದ್ದ.”

ಅವಳು ಬಾಗಿಲನ್ನು ಇನ್ನಷ್ಟು ತೆರೆದಳು.

“ಗೆಲ್ತಿದ್ದನಾ?”

“ಇಲ್ಲ. ಪ್ರತಿ ಸಲ ಸೋಲ್ತಿದ್ದನಂತೆ. ಒಂದು ಆಟ ಗೆದ್ದ ಮೇಲೆ ನಿಮಗೆ ಹೇಳ್ತೀನಿ ಅಂದಿದ್ದನಂತೆ.”

ಅಕ್ಕ ನಗಲು ಹೋಗಿ ಅತ್ತುಬಿಟ್ಟಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಶವಾಗಾರಕ್ಕೆ ಯಾವ ದಾರಿ ಎಂದು ಕೇಳಿದಳು.