ಹುಳದ ಮನೆಯಲ್ಲಿ ದೋಸೆ ಹಿಟ್ಟು

“ನಲ್ಲಪ್ಪಾ, ಓಡಿ ಬಾರೋ! ಹುಳಕ್ಕೆ ರೋಗ ಬಂದೈತೆ! ಅಯ್ಯೋ ದೇವುಡಾ!”

ಬೆಳಗಿನ ಚಳಿಯಲ್ಲಿ ಅಮ್ಮಾಜಮ್ಮಜ್ಜಿಯ ಕೂಗು ಸಾದಲಿಯ ಅರ್ಧ ಊರಿಗೆ ಅಲಾರಂ ಆಯಿತು. ಹಲ್ಲುಜ್ಜುತ್ತಿದ್ದ ಯಾಮಿನಿಯ ಬ್ರಷ್ ಬಾಯಲ್ಲೇ ನಿಂತಿತು.

ಅಪ್ಪ ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ರೇಷ್ಮೆ ಹುಳ ಸಾಕುವ ಕೋಣೆಗೆ ಓಡಿದರು.

“ಕಾಲು ತೊಳ್ಕೊಂಡು ಬಾರೋ!” ಅಷ್ಟು ಗಾಬರಿಯಲ್ಲೂ ಅಜ್ಜಿ ಬಾಗಿಲಲ್ಲೇ ತಡೆದಳು. “ಈಗ ಮೂಸಿ ನೋಡು. ಹುಳಿ ವಾಸನೆ. ಹುಳ ಕೊಳೆಯೋಕೆ ಶುರುವಾದ್ರೆ ಹಿಂಗೇ ಕಣಪ್ಪ.”

ಅಪ್ಪ ಮೂಸಿದರು. ಮುಖ ಬಿಳಿಚಿತು. ಇನ್ನೊಂದು ವಾರ ಕಳೆದರೆ ಹುಳಗಳು ಗೂಡು ಕಟ್ಟಬೇಕು!

“ಹೀಟರ್ ಪಕ್ಕದಲ್ಲೇ ಜಾಸ್ತಿ ನಾರ್ತೈತಮ್ಮ. ಆ ನಾಲ್ಕು ತಟ್ಟೆ ಹುಳಾನ ಗುಂಡಿಗೆ ಹಾಕಿ ಸುಣ್ಣ ಎರಚಬೇಕು. ಇಲ್ದಿದ್ರೆ ಎಲ್ಲಕ್ಕೂ ಹಬ್ಬುತ್ತೆ.”

ಯಾಮಿನಿ ಬ್ರಷ್ ಕಚ್ಚಿಕೊಂಡೇ ಬಾಗಿಲಿಗೆ ಓಡಿ ಬಂದಳು. ಹೀಟರ್ ಪಕ್ಕ, ಕೆಳಗಿನ ತಟ್ಟೆಯ ಹಿಂದೆ ಏನಿದೆಯೆಂದು ಅವಳಿಗೊಬ್ಬಳಿಗೇ ಗೊತ್ತು.

ತಪ್ಪೆಲ್ಲ ಶನಿವಾರವೇ ಶುರುವಾಗಿತ್ತು. ಮಾಲಾ ಮಿಸ್ ಕ್ಲಾಸಿನಲ್ಲಿ ಸೋಡಾ ಮಾತ್ರೆಯನ್ನು ಬಿಸಿನೀರಿಗೆ ಹಾಕಿದಾಗ ಅದು ಬುಸ್ಸೆಂದಿತು. ತಣ್ಣೀರಿನಲ್ಲಿ ನಿದ್ದೆಗಣ್ಣಿನ ಹಾಗೆ ನಿಧಾನಕ್ಕೆ ಕರಗಿತು. ಪುಡಿ ಮಾಡಿ ಹಾಕಿದಾಗ ಇನ್ನೂ ಜೋರು. “ಹೀಗೇ ಬೇಗ ಆಗೋದು, ನಿಧಾನ ಆಗೋದು, ಎರಡನ್ನೂ ಮನೆಯಲ್ಲಿ ಮಾಡಿ ಸೋಮವಾರ ತನ್ನಿ” ಎಂದಿದ್ದರು ಮಿಸ್.

“ನಾನು ದೋಸೆ ಹಿಟ್ಟು ತರ್ತೀನಿ” ಎಂದಿದ್ದಳು ಯಾಮಿನಿ.

“ಈ ಚಳೀಲಾ? ಅದು ಸಂಕ್ರಾಂತಿಗೆ ಉಬ್ಬುತ್ತೆ ಕಣೇ!” ಬೀರೇಶ್ ಬೆಂಚು ಬಡಿದು ನಕ್ಕಿದ್ದ.

“ಸೋಮವಾರ ಡಬ್ಬಿ ಮುಚ್ಚಳ ಹಾರುತ್ತೆ, ನೋಡ್ತಿರು!”

ಭಾನುವಾರ ಸಂಜೆ ಹಿಟ್ಟನ್ನು ಬೆಣ್ಣೆಯಂತೆ ನುಣ್ಣಗೆ ರುಬ್ಬಿ, ಎರಡು ಡಬ್ಬಿಗೆ ತುಂಬಿದಳು. ಒಂದನ್ನು ಮಹಡಿಯ ಮೇಲೆ ಮಂಜಿನಲ್ಲಿಟ್ಟಳು. ಇನ್ನೊಂದಕ್ಕೆ ನಾಲ್ಕು ಚಮಚ ಹಳೇ ಹುಳಿ ಹಿಟ್ಟು ಬೆರೆಸಿ, ಮನೆಯಲ್ಲೆಲ್ಲ ಬೆಚ್ಚಗಿರುವ ಜಾಗ ಹುಡುಕಿದಳು. ಹುಳದ ಮನೆ! ಅಲ್ಲಿ ಊದುಬತ್ತಿ ವಾಸನೆಗೂ ಅಜ್ಜಿ ಅವಕಾಶ ಕೊಡುವುದಿಲ್ಲ. ಹಾಗಾಗಿ ಡಬ್ಬಿಯನ್ನು ಅಲ್ಲಿ ಬಚ್ಚಿಟ್ಟಿದ್ದನ್ನು ಯಾರಿಗೂ ಹೇಳಿರಲಿಲ್ಲ.

ಈಗ ಅಪ್ಪ ಮೊದಲ ತಟ್ಟೆಯನ್ನು ಎತ್ತಿಕೊಂಡು ಗುಂಡಿಯ ಕಡೆ ಹೊರಟರು. ತಟ್ಟೆಯ ತುಂಬ ಹುಳಗಳು, ಏನೂ ಗೊತ್ತಿಲ್ಲದ ಹಾಗೆ, ಸರಸರ ಸೊಪ್ಪು ಮೇಯುತ್ತಿದ್ದವು.

ಯಾಮಿನಿ ಬಾಯಿಯ ನೊರೆ ಉಗಿದು ಅಡ್ಡ ನಿಂತಳು. “ಅಪ್ಪಾ, ಬೇಡ! ಅದು ರೋಗ ಅಲ್ಲ. ದೋಸೆ!”

“ಏನು?”

ಅವಳು ಕಾಲು ತೊಳೆದು ಒಳಗೆ ತೂರಿದಳು. ಮುಚ್ಚಳ ಒಂದು ಮೂಲೆಯಲ್ಲಿ ಬಿದ್ದಿತ್ತು. ಡಬ್ಬಿಯಿಂದ ಹಿಟ್ಟು, ಅಜ್ಜಿ ಕತೆಯ ಬರಿದಾಗದ ಪಾತ್ರೆಯಂತೆ, ಇನ್ನೂ ಉಕ್ಕುತ್ತಲೇ ಇತ್ತು.

ಅಜ್ಜಿ ಬೆರಳು ಅದ್ದಿ ಮೂಸಿದಳು. “ನಮ್ಮನೆ ಹಿಟ್ಟೇ ಕಣೋ! ಮೆಂತ್ಯೆ ಹಾಕಿದೀನಲ್ಲ, ನಾನೇ ನೆನೆಸಿದ್ದು! ಅಯ್ಯೋ ಕಳ್ಳಿ, ನನ್ನ ಜೀವಾನೇ ತೆಗೆದುಬಿಟ್ಟಿದ್ದೆಯಲ್ಲೇ!” ಎಂದು ಬೆನ್ನಿಗೆ ಒಂದು ಗುದ್ದು ಹಾಕಿದಳು. ಮರುಕ್ಷಣವೇ ಸೆರಗು ಬಾಯಿಗಿಟ್ಟು ನಗತೊಡಗಿದಳು.

ಅಪ್ಪ ನಗಲಿಲ್ಲ. ತಟ್ಟೆಯನ್ನು ಅದರ ಜಾಗದಲ್ಲೇ ಇಟ್ಟರು. ಬಗ್ಗಿ, ಚೆದುರಿದ ಸೊಪ್ಪನ್ನು ಹುಳಗಳ ಮೇಲೆ ಮತ್ತೆ ಹರಡಿದರು. ಅದನ್ನು ಯಾಮಿನಿ ನೋಡಿದಳು.

ಉಳಿದ ಹಿಟ್ಟಿನಲ್ಲಿ ಅವಳೇ ದೋಸೆ ಹುಯ್ಯಲು ನಿಂತಳು. ಅಪ್ಪ ತಿಂಡಿ ತಟ್ಟೆ ಮುಂದೆ ಕೂತರು.

“ಅಪ್ಪಾ, ಕೋಪ ಹೋಯ್ತಾ?”

ಅಪ್ಪ ನೀರಿನ ಲೋಟ ಎತ್ತಿಕೊಂಡರು. ಯಾಮಿನಿ ಸ್ಟವ್ ಉರಿ ಜೋರು ಮಾಡಿದಳು. “ಸಾರಿ ಅಪ್ಪಾ. ಈಗ ಹೋಯ್ತಾ?”

ದೋಸೆ ಕಪ್ಪಗಾಗಿ ಹೊಗೆಯೆದ್ದಿತು.

“ಉರಿ ಸಣ್ಣ ಮಾಡೇ ತಾಯಿ,” ಎಂದಳು ಅಜ್ಜಿ. “ಎಲ್ಲಾ ಬೆಚ್ಚಗಿಟ್ಟ ತಕ್ಷಣ ಆಗಿಬಿಡುತ್ತಾ?”

ಯಾಮಿನಿ ಉರಿ ಇಳಿಸಿದಳು. ಏನೂ ಕೇಳಲಿಲ್ಲ. ಒಂದು ದೋಸೆ ಆಯಿತು. ಎರಡಾಯಿತು. ಮೂರನೆಯದರ ಮೈತುಂಬ ಜೇನುಗೂಡಿನಂತೆ ತೂತುಗಳೆದ್ದವು.

“ಬೀರೇಶಂಗೂ ಎರಡು ಕಟ್ಕೊಂಡು ಹೋಗಮ್ಮ,” ಎಂದರು ಅಪ್ಪ, ತಟ್ಟೆ ನೋಡುತ್ತಲೇ. “ಸಂಕ್ರಾಂತಿಗೆ ಅಂದಿದ್ನಲ್ಲ.”

ಹಿಟ್ಟು ರುಬ್ಬುವಾಗ ಅವಳು ಅಜ್ಜಿಗೆ ಹೇಳಿದ್ದ ಮಾತನ್ನು ಅಜ್ಜಿಯೇ ಅಪ್ಪನಿಗೆ ದಾಟಿಸಿರಬೇಕು. ಯಾಮಿನಿ ಇನ್ನೊಂದು ಸೌಟು ಹಿಟ್ಟು ಹುಯ್ದಳು. ಉರಿ ಸಣ್ಣಗೇ ಇತ್ತು.