ಬಟ್ಟೆಚೀಲದ ರೀಲು

"ಇಪ್ಪತ್ತೆರಡು! ನೀನೇ ಕೊನೆಯವನು. ಬಾರಪ್ಪ ಸ್ನಾನಕ್ಕೆ!"

ಬುಗುರಿ ಆ ರೀಲನ್ನು ಸೀಮೆಎಣ್ಣೆ ಡಬ್ಬಿಯಲ್ಲಿ ಮುಳುಗಿಸಿದಳು. ಬುಳುಬುಳು ಅಂತ ನಾಲ್ಕು ಗುಳ್ಳೆ ಮೇಲೆ ಬಂದವು. ಅವಳ ಕೈ, ಫ್ರಾಕು, ಮೂಗಿನ ತುದಿ, ಎಲ್ಲಾ ಎಣ್ಣೆ. ಅಮ್ಮ ನೋಡಿದರೆ ಮುಗೀತು ಕತೆ! ಆದರೆ ಅಮ್ಮ ಮನೆಯಲ್ಲಿರಲಿಲ್ಲ. ದೋಣಿ ಟಿಕೆಟ್ ಕೌಂಟರಿನ ಕೆಲಸ ಮುಗಿಸಿ ಸೀದಾ ಆಸ್ಪತ್ರೆಗೆ ಹೋಗಿದ್ದಳು. ತಾತ ಅಲ್ಲಿ ಮಲಗಿ ಇಪ್ಪತ್ತು ದಿನವಾಗಿತ್ತು. ನಾಳೆ ಮನೆಗೆ ಬರುತ್ತಾರೆ.

ಅವರು ಬರುವಷ್ಟರಲ್ಲಿ ಎಲ್ಲಾ ರೀಲುಗಳೂ ಫಳಫಳ ಹೊಳೆಯಬೇಕು. ಅದೇ ಬುಗುರಿಯ ಸರ್‌ಪ್ರೈಸ್.

ಬುಗುರಿ ಅನ್ನುವುದು ಅವಳ ನಿಜವಾದ ಹೆಸರಲ್ಲ ಬಿಡಿ. ನಿಜವಾದದ್ದು ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಒಂದು ಕಡೆ ನಿಲ್ಲದೆ ಗಿರಗಿರ ಸುತ್ತುತ್ತಾಳೆ ಅಂತ ತಾತ ಇಟ್ಟ ಹೆಸರು ಇದು.

ಇನ್ನು ರೀಲು ಅಂದರೆ ಗಾಳದ ಕೋಲಿಗೆ ಸಿಕ್ಕಿಸುವ ಸಣ್ಣ ಯಂತ್ರ. ಹಿಡಿ ತಿರುಗಿಸಿದರೆ ದಾರ ಸುತ್ತಿಕೊಳ್ಳುತ್ತದೆ. ತಾತ ಹಳೇ ರೀಲುಗಳನ್ನು ಕೂಡಿಡುತ್ತಿದ್ದರು. ಅದೂ ಎಂಥವು? ಅಗ್ಗದವು! ಗುಜರಿಯಲ್ಲಿ, ಕಸದಲ್ಲಿ, ಮೀನಿನವರ ಬುಟ್ಟಿಯ ಅಡಿಯಲ್ಲಿ ಬಿದ್ದಿರುವಂಥವು.

"ದುಬಾರಿ ರೀಲಿಗೆ ಪುಸ್ತಕ ಇದೆ, ಕ್ಯಾಟಲಾಗ್ ಇದೆ," ಅನ್ನುತ್ತಿದ್ದರು ತಾತ. "ಈ ಬಡಪಾಯಿಗಳಿಗೆ ಯಾರಿದ್ದಾರೆ ಹೇಳು?"

ಅಗ್ಗದ ರೀಲನ್ನು ಗುರುತಿಸುವುದು ಸುಲಭವಲ್ಲ. ಒಂದೇ ಫ್ಯಾಕ್ಟರಿಯಲ್ಲಿ ಮಾಡಿದ ಮಾಲಿಗೆ ಹತ್ತು ಅಂಗಡಿಯವರು ಹತ್ತು ಹೆಸರು ಅಂಟಿಸಿರುತ್ತಾರೆ. ಹಾಗಾಗಿ ತಾತ ಹೆಸರನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ, ರೀಲನ್ನು ಕಿವಿಯ ಹತ್ತಿರ ಹಿಡಿದು, ಹಿಡಿ ತಿರುಗಿಸಿ ಕೇಳುತ್ತಿದ್ದರು. ಕಿರ್ ಅಂದರೆ ಒಂದು ಜಾತಿ, ಟಿಕಟಿಕ ಅಂದರೆ ಇನ್ನೊಂದು. ಸ್ಕ್ರೂ ಎಣಿಸುವುದೆಲ್ಲಾ ಆಮೇಲೆ. "ಹೆಸರು ಸುಳ್ಳು ಹೇಳುತ್ತೆ ಬುಗುರಿ, ಸದ್ದು ಹೇಳಲ್ಲ" ಅನ್ನುತ್ತಿದ್ದರು.

ಪ್ರತಿ ರೀಲಿಗೂ ಅವರು ಒಂದು ಚೀಟಿ ಕಟ್ಟಿದ್ದರು. ಮುಂದಿನ ಬದಿಯಲ್ಲಿ ಯಾವ ಕಾಲದ್ದು, ಎಲ್ಲಿ ಸಿಕ್ಕಿತು, ಸದ್ದು ಹೇಗೆ ಅಂತ ಮೂರು ಸಾಲು. ಹಿಂದಿನ ಬದಿಯಲ್ಲಿ ಅದನ್ನು ಬಿಚ್ಚಿದವರ ಹೆಸರು. ಯಾರೇ ಬಿಚ್ಚಲಿ, ಒಳಗೆ ಏನು ಕಂಡಿತು ಅಂತ ಬರೆದು ಹೆಸರು ಹಾಕಲೇಬೇಕು. ಅದು ತಾತನ ಕಾನೂನು. ಇನ್ನೊಂದು ಕಾನೂನೂ ಇತ್ತು. ಒಂದನ್ನು ಬಿಚ್ಚಿ, ಮುಚ್ಚಿ, ಚೀಟಿ ಕಟ್ಟಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು.

ನಮ್ಮ ಬುಗುರಿ ಎರಡನ್ನೂ ಗಾಳಿಗೆ ತೂರಿದ್ದಳು. ಒದ್ದೆಯಾಗುತ್ತವೆ ಅಂತ ಚೀಟಿಗಳನ್ನೆಲ್ಲಾ ಮೊದಲೇ ಬಿಚ್ಚಿ ಕಿಟಕಿಯ ಬಳಿ ಸಾಲಾಗಿ ಇಟ್ಟಿದ್ದಳು. ಹೆಸರನ್ನಂತೂ ಬರೆಯಲೇ ಇಲ್ಲ. ಬರೆದರೆ ಸರ್‌ಪ್ರೈಸ್ ಎಲ್ಲಿ ಉಳಿಯುತ್ತದೆ?

ಈ ಕೊನೆಯ ರೀಲು ಬೀರುವಿನ ಕೆಳಗಿನ ಖಾನೆಯಲ್ಲಿ, ಎಲ್ಲದರ ಹಿಂದೆ, ಒಂದು ಬಟ್ಟೆಚೀಲದಲ್ಲಿತ್ತು. ಮೈಮೇಲೆಲ್ಲಾ ಬಿಳಿ ಉಪ್ಪು ಹೆಪ್ಪುಗಟ್ಟಿತ್ತು. ಹಿಡಿ ತಿರುಗಿಸಿದರೆ ಕರಕರ, ಕರಕರ, ಹಲ್ಲು ಜುಮ್ಮೆನ್ನುವ ಸದ್ದು.

"ಪಾಪ, ತಾತ ನಿನ್ನನ್ನ ಮರೆತೇಬಿಟ್ಟಿದ್ದಾರೆ ಕಣೋ!"

ಅದಕ್ಕೇ ಬುಗುರಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಇದನ್ನೇ ತೊಳೆದಳು. ಸ್ಕ್ರೂ ಬಿಚ್ಚಿ, ಹಳೇ ಟೂತ್‌ಬ್ರಷ್ ಹಾಕಿ ಉಜ್ಜಿದಳು. ಒಳಗಿನಿಂದ ಅರ್ಧ ಚಮಚದಷ್ಟು ಮರಳು ಡಬ್ಬಿಗೆ ಬಿತ್ತು. ಉಪ್ಪು ಹೋಗಿ ಕರಿ ಬಣ್ಣ ಹೊಳೆಯತೊಡಗಿತು. ಗ್ರೀಸ್ ಹಚ್ಚಿ ಮುಚ್ಚಿ ತಿರುಗಿಸಿದರೆ ಸದ್ದೇ ಇಲ್ಲ, ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ! ಅವಳಿಗೆ ಹೆಮ್ಮೆಯೋ ಹೆಮ್ಮೆ.

ಡಬ್ಬಿಯ ಕೊಳಕನ್ನೆಲ್ಲಾ ಮೋರಿಗೆ ಸುರಿದು ಬಂದಳು. ಅಷ್ಟರಲ್ಲಿ ಕಿಟಕಿಯಿಂದ ಗಾಳಿ ನುಗ್ಗಿ, ಚೀಟಿಗಳೆಲ್ಲಾ ನೆಲದ ತುಂಬ ಚೆಲ್ಲಾಪಿಲ್ಲಿಯಾಗಿದ್ದವು.

"ಅಯ್ಯಯ್ಯೋ! ಕೆಟ್ಟೆ!"

ಯಾವ ಚೀಟಿ ಯಾವ ರೀಲಿನದು? ಒಂದೊಂದಾಗಿ ಆರಿಸಿ ಓದಿದಳು, ತಲೆಬುಡ ತಿಳಿಯಲಿಲ್ಲ. ಒಂದು ಚೀಟಿಯಲ್ಲಂತೂ ಮೂರು ಸಾಲೂ ಇರಲಿಲ್ಲ. ಒಂದೇ ಒಂದು ಪದ ಇತ್ತು: 'ಅವನದು.' ಹಿಂದಿನ ಬದಿ ಖಾಲಿ. ಯಾವನದಪ್ಪಾ ಅಂದುಕೊಂಡಳು ಬುಗುರಿ.

ಮರುದಿನ ತಾತ ಬಂದರು. ಇಬ್ಬರು ಅವರನ್ನು ಎತ್ತಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದರು. ಬುಗುರಿ ಓಡಿಹೋದವಳು ಅರ್ಧದಲ್ಲೇ ನಿಂತಳು. ತಾತನ ಬಾಯಿ ಒಂದು ಕಡೆಗೆ ಜಾರಿತ್ತು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮಾತಿಲ್ಲ. 'ಹ್ಞೂ', 'ಉಹೂಂ' ಬಿಟ್ಟರೆ ಏನೂ ಹೊರಡದು. ಅವಳಿಗೆ ಭಯವಾಯಿತು. ತಾತನನ್ನು ನೋಡಿ ಭಯವಾಯಿತಲ್ಲ ಅಂತ ನಾಚಿಕೆಯೂ ಆಯಿತು.

"ಗೊತ್ತಿರೋ ಸಾಮಾನು ಕೈಗೆ ಕೊಡ್ತಾ ಇರಿ ಅಂದಿದ್ದಾರೆ ಡಾಕ್ಟರು," ಅಂದಳು ಅಮ್ಮ. "ರೀಲು ತೋರಿಸೇ. ನಾನು ಕೌಂಟರಿಗೆ ಹೋಗಲೇಬೇಕು. ಏನಾದ್ರೂ ಬೇಕಾದ್ರೆ ಮಹಡಿ ಆಂಟೀನ ಕರಿ."

ಬುಗುರಿ ಚೀಟಿಗಳನ್ನು ತಟ್ಟೆಯಲ್ಲಿ ಹರಡಿದಳು. ಒಂದು ರೀಲನ್ನು ತಾತನ ಕಿವಿಯ ಹತ್ತಿರ ಹಿಡಿದಳು. ತಾತ ಎಡಗೈಯಿಂದ ಹಿಡಿ ತಿರುಗಿಸಿದರು. ತೊಳೆದರೂ ಅದರ ಟಿಕಟಿಕ ಹಾಗೇ ಇತ್ತು. ಕಣ್ಣು ಮುಚ್ಚಿದರು. ಆಮೇಲೆ ಬೆರಳು ಮೆಲ್ಲಗೆ ತಟ್ಟೆಯ ಮೇಲೆ ಓಡಾಡಿ ಒಂದು ಚೀಟಿಯ ಮೇಲೆ ನಿಂತಿತು.

"ಇದಾ ತಾತ?"

"ಹ್ಞೂ."

ಅಬ್ಬಾ! ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಎರಡು, ಐದು, ಹನ್ನೊಂದು... ಮಾತು ಹೋದರೇನು, ತಾತನ ಕಿವಿ ಎಲ್ಲಿಗೂ ಹೋಗಿರಲಿಲ್ಲ! ಇಪ್ಪತ್ತೊಂದು ರೀಲಿಗೂ ಚೀಟಿ ಕಟ್ಟಿಯಾಯಿತು. ಉಳಿದದ್ದು ಒಂದು ರೀಲು, ಒಂದು ಚೀಟಿ.

ಹೊಳೆಯುವ ಕರಿ ರೀಲನ್ನು ಅವಳು ಖುಷಿಯಿಂದ ಎತ್ತಿ ಹಿಡಿದಳು. ತಾತ ತಿರುಗಿಸಿದರು. ಸದ್ದಿಲ್ಲ.

"ಉಹೂಂ."

"ಇದೇ ತಾತ, ಇದೊಂದೇ ಉಳಿದಿರೋದು."

"ಉಹೂಂ!" ತಾತ ರೀಲನ್ನು ನೂಕಿದರು. ನಮ್ಮದಲ್ಲ ಅನ್ನುವ ಹಾಗೆ ತಲೆಯಾಡಿಸಿದರು. 'ಅವನದು' ಎಂಬ ಚೀಟಿಯನ್ನು ಎತ್ತಿ ಬೀರುವಿನ ಕಡೆಗೆ ತೋರಿಸಿದರು. ಕೆಳಗೆ. ಹಿಂದೆ.

ಬುಗುರಿ ಬೀರು ತೆರೆದಳು. ಖಾಲಿ ಬಟ್ಟೆಚೀಲ ಬಿಟ್ಟರೆ ಅಲ್ಲಿ ಏನಿದೆ?

ಆ ಚೀಲ ಕಂಡದ್ದೇ ತಡ, ತಾತ "ಆ... ಆ..." ಅಂತ ಏಳಲು ಹೋದರು. ಕಾಲು ನಿಲ್ಲಲಿಲ್ಲ. ಕುರ್ಚಿಯಿಂದ ಜಾರಿದರು. ಬುಗುರಿ ಅವರನ್ನು ಬಾಚಿ ತಬ್ಬಿಕೊಂಡು, "ಆಂಟೀ! ಆಂಟೀ!" ಅಂತ ಕಿರುಚಿದಳು. ಆಂಟಿ ಬಂದು ಎತ್ತಿ ಮಲಗಿಸುವವರೆಗೂ ಚೀಟಿ ತಾತನ ಎಡಗೈಯಲ್ಲೇ ಇತ್ತು.

ಸಂಜೆ ಅಮ್ಮ ಬಂದಳು. ಚೀಟಿ ನೋಡಿದಳು, ಖಾಲಿ ಚೀಲ ನೋಡಿದಳು, ಮೇಜಿನ ಮೇಲಿದ್ದ ಹೊಳೆಯುವ ರೀಲನ್ನು ನೋಡಿದಳು. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.

"ತೊಳೆದುಬಿಟ್ಯೇನೇ?"

"ತುಂಬಾ ಕೊಳೆ ಇತ್ತಮ್ಮ..."

"ಅದು ನಿನ್ನ ಮಾವಂದು ಕಣೇ."

ಗೋಡೆಯ ಫೋಟೋದಲ್ಲಿ ನಗುವ ಮಾವ ಬುಗುರಿಗೆ ಗೊತ್ತು. ಅಮ್ಮನ ತಮ್ಮ. ಅವಳು ಹುಟ್ಟುವ ಮೊದಲೇ ಸಮುದ್ರದ ಪಾಲಾದವರು. ಅಷ್ಟೇ ಗೊತ್ತಿದ್ದದ್ದು.

"ಬಂಡೆ ಮೇಲೆ ಗಾಳ ಹಾಕ್ಕೊಂಡು ಕೂತಿದ್ದ. ಅಲೆ ಬಂತು. ಮೂರು ದಿನ ಹುಡುಕಿದ್ರು. ಕೋಲು ಸಿಕ್ತು, ರೀಲು ಸಿಕ್ತು. ಅವನು ಸಿಗಲಿಲ್ಲ." ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ತಾತ ಅದನ್ನ ಬಿಚ್ಚಲೇ ಇಲ್ಲ. ವರ್ಷಕ್ಕೊಂದು ಸಲ ತೆಗೆದು, ಆ ಮರಳಿನ ಸದ್ದು ಕೇಳಿ, ಮತ್ತೆ ಒಳಗಿಡೋರು. ಅದೇ ಥರದ್ದು ಇನ್ನೊಂದು ಸಿಗುತ್ತಾ ಅಂತ ಹುಡುಕ್ತಾ ಹುಡುಕ್ತಾನೇ ಇಷ್ಟೆಲ್ಲಾ ರೀಲು ಸೇರಿದ್ದು."

"ನನಗೆ ಯಾರೂ ಹೇಳಲಿಲ್ಲ," ಅಂದಳು ಬುಗುರಿ.

"ಹೌದು. ಹೇಳಲಿಲ್ಲ," ಅಂದಳು ಅಮ್ಮ. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಅಮ್ಮ ರೀಲನ್ನು ತಿರುಗಿಸಿ ನೋಡಿದಳು. ಐದು ಸ್ಕ್ರೂಗಳಲ್ಲಿ ಒಂದು ಹಿತ್ತಾಳೆಯದು, ದಪ್ಪ ತಲೆಯದು. "ನೋಡು, ಇದು ಅವನ ಕಿತಾಪತಿ. ಒಂದು ಸ್ಕ್ರೂ ಕಳೆದುಹೋಯ್ತು ಅಂತ ರೇಡಿಯೋದಿಂದ ಕಿತ್ತು ಹಾಕಿದ್ದ. ತಾತ ಬೈದಿದ್ದೇ ಬೈದಿದ್ದು. ರೇಡಿಯೋ ಮೂಕ, ತಾತನದೇ ನ್ಯೂಸು!" ಅಮ್ಮ ನಕ್ಕಳು. ನಗುತ್ತಿದ್ದವಳು ಹಾಗೇ ಅಳತೊಡಗಿದಳು.

ಮರುದಿನವೂ ಶಾಲೆಗೆ ರಜೆ. ಬುಗುರಿ ಎದ್ದವಳೇ ಮೋರಿಯ ಹತ್ತಿರ ಹೋಗಿ ಕೂತಳು. ಕಡ್ಡಿಯಿಂದ ಕೆದಕಿದಳು. ಕರಿ ನೀರು ಹರಿಯುತ್ತಿತ್ತು, ಮರಳೆಲ್ಲಿ? ಎದುರಿಗೆ ಯಾರದೋ ಮನೆ ಕಟ್ಟಲು ಮರಳು ಗುಡ್ಡೆ ಹಾಕಿದ್ದರು. ಅವಳು ಅತ್ತ ಇತ್ತ ನೋಡಿ ಒಂದು ಚಿಟಿಕೆ ಎತ್ತಿಕೊಂಡಳು. ರೀಲು ಬಿಚ್ಚಿ ಒಳಗೆ ಹಾಕಿ ಮುಚ್ಚಿದಳು. ತಿರುಗಿಸಿದಳು.

ಕರಕರ. ಕರಕರ.

ಹೆಚ್ಚುಕಡಿಮೆ ಅದೇ ಸದ್ದು! ತಾತನಿಗೆ ಕೊಟ್ಟರಾಯಿತು. ಮಾವನ ರೀಲು ಸಿಕ್ಕಿತು ಅಂದುಕೊಳ್ಳುತ್ತಾರೆ. ಯಾರಿಗೆ ಗೊತ್ತಾಗುತ್ತದೆ?

ಅವಳು ಬಾಗಿಲವರೆಗೂ ಹೋದಳು. ತಾತ ಗೋಡೆಗೆ ಒರಗಿ ಕೂತಿದ್ದರು, ಚೀಟಿ ಇನ್ನೂ ಕೈಯಲ್ಲಿತ್ತು. ಹೆಸರು ಸುಳ್ಳು ಹೇಳುತ್ತೆ, ಸದ್ದು ಹೇಳಲ್ಲ. ಬುಗುರಿ ಹಿಂದಕ್ಕೆ ಬಂದಳು. ರೀಲನ್ನು ಮತ್ತೆ ಬಿಚ್ಚಿ, ಪರರ ಮರಳನ್ನು ಒಂದು ಕಾಳೂ ಬಿಡದೆ ಒರೆಸಿ ತೆಗೆದಳು.

ಆಮೇಲೆ ತಾತನ ಹತ್ತಿರ ಹೋಗಿ, ಅವರ ಎಡಗೈ ಹೆಬ್ಬೆರಳನ್ನು ಹಿಡಿದು ಆ ಹಿತ್ತಾಳೆ ಸ್ಕ್ರೂ ಮೇಲೆ ಇಟ್ಟಳು.

ಹೆಬ್ಬೆರಳು ಅಲ್ಲೇ ನಿಂತಿತು. ಒಂದು ಸಲ ಸವರಿತು. ಇನ್ನೊಂದು ಸಲ. ತಾತನ ಮುಖ ಅರಳಿತು, ಕಣ್ಣೀರು ಒಂದು ಕಡೆಗೆ ಜಾರಿದ್ದ ಬಾಯಿಯತ್ತ ಇಳಿಯಿತು. ಅವರು ಆತುರದಿಂದ ಹಿಡಿ ತಿರುಗಿಸಿದರು.

ಸದ್ದಿಲ್ಲ. ಮತ್ತೆ ತಿರುಗಿಸಿದರು. ಬುಗುರಿಯನ್ನು ನೋಡಿದರು.

"ನಾನೇ ತಾತ. ನಾನೇ ಬಿಚ್ಚಿದ್ದು. ಮರಳೆಲ್ಲಾ ಮೋರಿಗೆ ಚೆಲ್ಲಿಬಿಟ್ಟೆ."

ತಾತ ಅವಳ ಕೈಯನ್ನು ತಳ್ಳಿ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು. ಆ ದಿನ ಅವರು ಊಟ ಮಾಡಲಿಲ್ಲ. ಬುಗುರಿ ಎಷ್ಟು ಸಲ "ತಾತಾ" ಅಂದರೂ ತಿರುಗಲಿಲ್ಲ.

ಸಂಜೆ ಅವರು ನಿದ್ದೆಹೋದಾಗ ಚೀಟಿ ನೆಲಕ್ಕೆ ಬಿದ್ದಿತು. ಬುಗುರಿ ಅದನ್ನು ಎತ್ತಿಕೊಂಡಳು. ಪೆನ್ಸಿಲ್ ಚೂಪು ಮಾಡಿ ಖಾಲಿ ಬದಿಯಲ್ಲಿ ಬರೆದಳು: 'ಬಿಚ್ಚಿದವಳು ಬುಗುರಿ. ಒಳಗೆ ಮರಳು ಇತ್ತು. ಸಮುದ್ರದ್ದು.' ಚೀಟಿಯನ್ನು ರೀಲಿಗೆ ಕಟ್ಟಿ ತಾತನ ದಿಂಬಿನ ಪಕ್ಕ ಇಟ್ಟಳು.

ಮರುದಿನ ಶಾಲೆಯಿಂದ ಬಂದಾಗ ತಾತ ಎದ್ದು ಕೂತಿದ್ದರು. ರೀಲು ಅವರ ಮಡಿಲಲ್ಲಿತ್ತು. ಚೀಟಿ ಹಿಂದುಮುಂದಾಗಿ, ಅವಳ ಅಕ್ಷರ ಮೇಲಾಗಿ ಬಿದ್ದಿತ್ತು. ಒಂದೇ ಕೈ. ಹಿಡಿದುಕೊಂಡರೆ ತಿರುಗಿಸಲಾಗದು, ತಿರುಗಿಸಿದರೆ ಹಿಡಿದುಕೊಳ್ಳಲಾಗದು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದರೋ ಏನೋ!

ತಾತ ನಗಲಿಲ್ಲ. ಅವಳ ತಲೆ ಸವರಲೂ ಇಲ್ಲ. ರೀಲನ್ನು ಅವಳ ಕಡೆಗೆ ಚಾಚಿದರು.

ಬುಗುರಿ ಬ್ಯಾಗನ್ನು ಕೆಳಗಿಟ್ಟಳು. ಮಂಚದ ಮೇಲೆ ಹತ್ತಿ ಕೂತು, ರೀಲನ್ನು ತಾತನ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ತಿರುಗಿಸಿದಳು. ಅವಳಿಗೆ ಏನೂ ಕೇಳಿಸಲಿಲ್ಲ. ತಾತ ಕಣ್ಣು ಮುಚ್ಚಿಕೊಂಡರು. ಹುಬ್ಬು ಗಂಟಿಕ್ಕಿಕೊಂಡು, ದೂರದಲ್ಲಿ ಯಾರೋ ಕರೆದ ಹಾಗೆ ಕೇಳತೊಡಗಿದರು.

ಸ್ವಲ್ಪ ಹೊತ್ತಿಗೆ ಬುಗುರಿಯ ಕೈ ನೋಯತೊಡಗಿತು. ಹೊರಗೆ ಹುಡುಗಿಯರು ಆಟಕ್ಕೆ ಕೂಗುತ್ತಿದ್ದರು. ಸದಾ ಸುತ್ತುವ ಬುಗುರಿ ಕದಲದೆ ಕೂತಿದ್ದಳು. ತಾತ ಕಣ್ಣು ಬಿಡಲಿಲ್ಲ, ಅವಳೂ ತಿರುಗಿಸುವುದನ್ನು ನಿಲ್ಲಿಸಲಿಲ್ಲ.